ಹೆಸರು ಮತ್ತು ಗುರುತು: ಉಚ್ಚ ಶಿಕ್ಷಣದ ಮಿಡಲ್‌ವೇರ್ ಕುರಿತು ಒಂದು ವಿಮರ್ಶೆ

ರಾಯಚೂರಿನಿಂದ ಹೈದರಾಬಾದಿನ ದಾರಿ ಹಿಡಿದು ಹೊರಟರೆ, ಕೃಷ್ಣೆಯನ್ನು ದಾಟುವ ಮುನ್ನ ಶಕ್ತಿನಗರ ಎದುರಾಗುತ್ತದೆ. ಇಲ್ಲಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಕೆಲಸಕ್ಕೆ ತೊಡಗಿತು. ಮುಂದೆ ಹಂತಹಂತವಾಗಿ ಬೆಳೆದು ಎಂಟು ಘಟಕಗಳಲ್ಲಿ 1720 ಮೆಗಾವಾಟ್ ಸಾಮರ್ಥ್ಯವನ್ನು ಪಡೆಯಿತು. ಇಲ್ಲಿ ಹುಟ್ಟಿದ ವಿದ್ಯುತ್ತು ಮಾನ್ವಿಯ ಒಂದು ಮನೆಗೆ ಪ್ರತ್ಯೇಕ ತಂತಿಯಲ್ಲಿ ಹೋಗುವುದಿಲ್ಲ. ಎಲ್ಲ ಕೇಂದ್ರಗಳ ವಿದ್ಯುತ್ತೂ ಒಂದು ಜಾಲವನ್ನು ಸೇರಿ, ಅಲ್ಲಿಂದ ಉಪಕೇಂದ್ರಗಳ ಮೂಲಕ ಊರೂರಿಗೆ ಹಂಚಿಹೋಗುತ್ತದೆ. ದೀಪ ಹಚ್ಚುವವನು ಇದು ಯಾವ ಘಟಕದ ವಿದ್ಯುತ್ತೆಂದು ಕೇಳಬೇಕಾಗಿಲ್ಲ. ಉತ್ಪಾದಿಸುವವನು ಇದು ಯಾವ ಮನೆಯ ದೀಪವೆಂದು ತಿಳಿಯಬೇಕಾಗಿಲ್ಲ. ಜಾಲದಲ್ಲಿ ಸೇರತಕ್ಕವರೆಲ್ಲರೂ ಸೆಕೆಂಡಿಗೆ ಐವತ್ತು ಆವರ್ತನೆಗಳೆಂಬ ಒಂದು ಕಟ್ಟಳೆಗೆ ಒಪ್ಪಿದರೆ ಸಾಕು.

ಗಣಕಯಂತ್ರಗಳ ಲೋಕದಲ್ಲಿ ಮಿಡಲ್‌ವೇರ್ ಎಂದು ಕರೆಯಲ್ಪಡುವ ನಡುವಣ ತಂತ್ರಾಂಶದ ಸ್ವರೂಪವೂ ಇಂತಹುದೇ. ಒಂದು ಕಡೆ ವಿದ್ಯಾರ್ಥಿ, ಇನ್ನೊಂದು ಕಡೆ ಅವನಿಗೆ ಬೇಕಾದ ಗ್ರಂಥಭಂಡಾರ, ಪರೀಕ್ಷಾ ವಿಭಾಗ, ವಿದ್ಯಾರ್ಥಿವೇತನದ ಕಚೇರಿ. ಇವುಗಳ ನಡುವೆ ನಿಂತು, ಬಂದವನು ಯಾರು, ಅವನಿಗೆ ಯಾವ ಅಧಿಕಾರವಿದೆ ಎಂಬುದನ್ನು ತಿಳಿಸತಕ್ಕದ್ದು ಅದರ ಕೆಲಸ. ಆದರೆ ಹೋಲಿಕೆ ಇಲ್ಲಿಗೇ ಮುಗಿಯುತ್ತದೆ. ವಿದ್ಯುತ್ತಿಗೆ ಹೆಸರಿಲ್ಲ, ವಿದ್ಯಾರ್ಥಿಗೆ ಹೆಸರಿದೆ. ಪ್ರಕೃತ ಲೇಖನದಲ್ಲಿ ಎತ್ತಿಕೊಂಡಿರುವ ತೊಡಕು ಹುಟ್ಟುವುದು ಈ ಹೆಸರಿನಿಂದಲೇ. ನಮ್ಮ ಉಚ್ಚ ಶಿಕ್ಷಣದ ಗಣಕ ವ್ಯವಸ್ಥೆಗಳು ಹೆಸರನ್ನು ಗುರುತೆಂದು ಭ್ರಮಿಸಿವೆ, ಅದೂ ರೋಮನ್ ಲಿಪಿಯಲ್ಲಿ ಬರೆದ ಹೆಸರನ್ನು, ಎಂಬುದು ಈ ಲೇಖಕನ ಮುಖ್ಯ ಆಕ್ಷೇಪಣೆ.

ಮೊದಲು ಈ ವಿದ್ಯೆಯ ಹಿನ್ನೆಲೆಯನ್ನು ಸ್ವಲ್ಪದರಲ್ಲಿ ಹೇಳುವುದು ಅವಶ್ಯ. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 1983ರಲ್ಲಿ ಆರಂಭವಾದ ಅಥೀನಾ ಯೋಜನೆಯಿಂದ ಕರ್ಬರೋಸ್ ಎಂಬ ಪದ್ಧತಿ ಹೊರಬಂದಿತು. ಒಮ್ಮೆ ಗುಪ್ತಪದ ಹೇಳಿದವನಿಗೆ ಒಂದು ಚೀಟಿ ಕೊಟ್ಟು, ಮುಂದಿನ ಬಾಗಿಲುಗಳಲ್ಲಿ ಗುಪ್ತಪದವನ್ನು ಮತ್ತೆ ಕೇಳದೆ ಆ ಚೀಟಿಯನ್ನೇ ನೋಡಿ ಒಳಗೆ ಬಿಡುವುದು ಅದರ ಉಪಾಯ. ತರುವಾಯ 1993ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರ ಪ್ರಯತ್ನದಿಂದ ಎಲ್‌ಡ್ಯಾಪ್ ಎಂಬ ನಾಮಾವಳಿಯ ಕ್ರಮ ರೂಪುಗೊಂಡಿತು. ಇವೆರಡೂ ಒಂದು ವಿಶ್ವವಿದ್ಯಾಲಯದ ಆವರಣದೊಳಗೆ ಸಾಕಾಗುತ್ತಿದ್ದವು. ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿ ಬೇರೊಂದೆಡೆಯ ಭಂಡಾರಕ್ಕೆ ಹೋಗಬೇಕಾದಾಗ ಪ್ರಶ್ನೆ ಕಠಿಣವಾಯಿತು. ಅದಕ್ಕೆ ಉತ್ತರವಾಗಿ ಇಂಟರ್‌ನೆಟ್2 ಎಂಬ ವಿಶ್ವವಿದ್ಯಾಲಯಗಳ ಕೂಟವು 2000ದಲ್ಲಿ ಕೈಗೆತ್ತಿಕೊಂಡು, 2003ರಲ್ಲಿ ಮೊದಲ ಪೂರ್ಣ ಆವೃತ್ತಿಯಾಗಿ ಹೊರತಂದ ತಂತ್ರಾಂಶವೇ ಶಿಬ್ಬೋಲೆತ್.

ಅದು ಕೆಲಸ ಮಾಡುವ ಬಗೆ ಸ್ವಾರಸ್ಯವಾದುದು. ವಿದ್ಯಾರ್ಥಿ ಒಂದು ಪತ್ರಿಕೆಯ ಬಾಗಿಲು ತಟ್ಟಿದನೆನ್ನೋಣ. ಬಾಗಿಲು ಕಾಯುವವನು ಅವನ ಹೆಸರನ್ನು ಕೇಳುವುದಿಲ್ಲ. 'ನಿನ್ನ ಮನೆ ಯಾವುದು?' ಎಂದಷ್ಟೇ ಕೇಳಿ ಅವನನ್ನು ಅವನ ವಿಶ್ವವಿದ್ಯಾಲಯಕ್ಕೆ ಹಿಂದಿರುಗಿಸುತ್ತಾನೆ. ಗುಪ್ತಪದವನ್ನು ಕೇಳುವುದು, ಇವನು ನಮ್ಮವನೇ ಎಂದು ಒಪ್ಪುವುದು ಅಲ್ಲಿ ನಡೆಯುತ್ತದೆ. ಆಮೇಲೆ ವಿಶ್ವವಿದ್ಯಾಲಯವು ತನ್ನ ಮುದ್ರೆಯೊತ್ತಿದ ಒಂದು ಪತ್ರವನ್ನು ಬಾಗಿಲಿಗೆ ಕಳಿಸುತ್ತದೆ. ಅದರಲ್ಲಿ 'ಈತ ನಮ್ಮ ಸದಸ್ಯ' ಎಂಬ ಒಂದೇ ಮಾತಿದ್ದರೂ ಸಾಕು. ಹೆಸರು ಬೇಡ, ಜನ್ಮದಿನಾಂಕ ಬೇಡ, ತಂದೆಯ ಹೆಸರಂತೂ ಬೇಡವೇ ಬೇಡ. ಹೀಗೆ ಕಳಿಸಬಹುದಾದ ಲಕ್ಷಣಗಳ ಒಂದು ಸಮ್ಮತವಾದ ಪಟ್ಟಿಯೂ ಉಂಟು. ಅದರಲ್ಲಿ ಅಧ್ಯಾಪಕ, ವಿದ್ಯಾರ್ಥಿ, ನೌಕರ, ಹಳೆಯ ವಿದ್ಯಾರ್ಥಿ ಎಂಬವುಗಳ ಜೊತೆಗೆ 'ಗ್ರಂಥಾಲಯಕ್ಕೆ ಸುಮ್ಮನೆ ನಡೆದು ಬಂದವನು' ಎಂಬ ಅರ್ಥದ ಒಂದು ವರ್ಗವೂ ಇದೆ. ಯಾರೂ ಅಲ್ಲದವನಿಗೂ ಓದುವ ಹಕ್ಕು ಇರಬಹುದೆಂದು ಒಂದು ಯಂತ್ರದ ಪಟ್ಟಿ ಒಪ್ಪಿಕೊಂಡಿರುವುದು ಮೆಚ್ಚತಕ್ಕ ಸಂಗತಿ.

ಇನ್ನು ಆ ಹೆಸರಿನ ಮಾತು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ, ನ್ಯಾಯಸ್ಥಾಪಕರ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿ, ಒಂದು ಘೋರವಾದ ಪ್ರಸಂಗವಿದೆ. ಗಿಲ್ಯಾದಿನವರು ಯುದ್ಧದಲ್ಲಿ ಗೆದ್ದು, ಸೋತು ಓಡಿಬರುವ ಎಫ್ರಾಯೀಮ್ಯರನ್ನು ಹಿಡಿಯುವುದಕ್ಕಾಗಿ ಯೊರ್ದನ್ ನದಿಯ ಹಾಯಗಡಗಳಲ್ಲಿ ಕಾದು ನಿಂತರು. ದಾಟಲು ಬಂದವನು ತಾನು ಎಫ್ರಾಯೀಮ್ಯನಲ್ಲವೆಂದರೆ 'ಶಿಬ್ಬೋಲೆತ್' ಎನ್ನು ಎಂದು ಕೇಳುವರು. ಎಫ್ರಾಯೀಮ್ಯರ ಬಾಯಿಗೆ ಶಕಾರ ಬಾರದು. 'ಸಿಬ್ಬೋಲೆತ್' ಎಂದವನನ್ನು ಅಲ್ಲಿಯೇ ಕೊಲ್ಲುವರು. ಹೀಗೆ ಸತ್ತವರು 42,000 ಎಂದು ಗ್ರಂಥ ಹೇಳುತ್ತದೆ. ತಂತ್ರಾಂಶಕ್ಕೆ ಈ ಹೆಸರನ್ನಿಟ್ಟವರ ಧೈರ್ಯ ಅಚ್ಚರಿಯದು. ಏಕೆಂದರೆ ಅವರು ಮಾಡಿದ ಕೆಲಸ ಕಥೆಗೆ ವಿರುದ್ಧವಾದುದು: ಹಾಯಗಡದಲ್ಲಿ ನಿಂತವನು ಪ್ರಯಾಣಿಕನ ನಾಲಗೆಯನ್ನು ಪರೀಕ್ಷಿಸದಂತೆ ಮಾಡಿ, ಅವನ ಮನೆಯವರ ಮಾತನ್ನು ನಂಬುವಂತೆ ಮಾಡಿದರು.

ಶಕಾರ-ಸಕಾರಗಳ ಈ ಪರೀಕ್ಷೆ ಕೃಷ್ಣಾ-ತುಂಗಭದ್ರೆಗಳ ನಡುವಣ ನಮ್ಮ ನಾಡಿಗೆ ಹೊಸದಲ್ಲ. ಶರಣರ ಹೆಸರುಗಳು ಮನೆಮನೆಯಲ್ಲಿರುವ ಈ ಸೀಮೆಯಲ್ಲಿ ಶರಣಪ್ಪನನ್ನು ಸರಣಪ್ಪನೆಂದು ಕರೆಯುವ ಅಜ್ಜಿಯರು ಎಷ್ಟಿಲ್ಲ! ಕನ್ನಡದಲ್ಲಿ ಬರೆಯುವಾಗ ಶಾಲೆಯ ಹೆಡ್‌ಮಾಸ್ತರರು ಅದನ್ನು ತಿದ್ದಿ ಬರೆಯುತ್ತಾರೆ, ಅಲ್ಲಿಗೆ ಮುಗಿಯಿತು. ರೋಮನ್ ಲಿಪಿಗೆ ಹೋದ ಕೂಡಲೇ ಮುಗಿಯದ ಕಥೆ ಆರಂಭವಾಗುತ್ತದೆ. ಎಸ್ ಅಕ್ಷರದ ಮುಂದೆ ಎಚ್ ಇದೆಯೋ ಇಲ್ಲವೋ. ರಕಾರದ ಮುಂದೆ ಎ ಇದೆಯೋ ಇಲ್ಲವೋ. ಪಕಾರ ಒಂದೋ ಎರಡೋ. ಈ ಮೂರು ಸಂದೇಹಗಳಿಂದಲೇ ಒಬ್ಬ ಶರಣಪ್ಪನು ಎಂಟು ಮಂದಿಯಾಗಬಲ್ಲನು. ಇದಕ್ಕೆ ಪ್ರತಿಯಾಗಿ, ಕನ್ನಡದಲ್ಲಿ ಸ್ಪಷ್ಟವಾಗಿ ಬೇರೆಯಾದವರು ರೋಮನ್ನಿನಲ್ಲಿ ಒಬ್ಬರೇ ಆಗಿಬಿಡುವುದೂ ಉಂಟು. ಹ್ರಸ್ವ ದೀರ್ಘಗಳಿಗೆ ಅಲ್ಲಿ ಒಂದೇ ಎ. ಲಕಾರ ಳಕಾರಗಳಿಗೆ ಒಂದೇ ಎಲ್. ದ್ವಿತ್ವದ ಒಂದು ಅಕ್ಷರ ಬಿಟ್ಟುಹೋದರೆ ಕಲ್ಲಪ್ಪನಿಗೂ ಕಾಳಪ್ಪನಿಗೂ ಅಂತರವಿಲ್ಲ.

ಹೆಸರಿನ ಘಟನೆಯಲ್ಲಿಯೂ ನಮ್ಮದು ಬೇರೆ ಪದ್ಧತಿ. ಮೈಸೂರು ಸೀಮೆಯವರು ಹೆಸರಿನ ಮುಂದೆ ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಇಟ್ಟುಕೊಂಡರು. ಇಲ್ಲಿ 'ಇಂತಹವನು ತಂದೆ ಇಂತಹವನು' ಎಂದು ಬರೆಯುವುದು ರೂಢಿ. ಕೆಲವರಿಗೆ ಮನೆತನದ ಹೆಸರುಂಟು, ಹಲವರಿಗೆ ಇಲ್ಲ. ಮದುವೆಯಾದ ಹೆಣ್ಣುಮಗಳಿಗೆ 'ತಂದೆ' ಹೋಗಿ 'ಗಂಡ' ಬರುತ್ತದೆ. ಮೊದಲ ಹೆಸರು, ನಡು ಹೆಸರು, ಕಡೆಯ ಹೆಸರು ಎಂಬ ಮೂರು ಅಂಕಣಗಳನ್ನು ತುಂಬೆಂದು ಗಣಕಯಂತ್ರ ಕೇಳಿದಾಗ ದೇವದುರ್ಗದ ಹುಡುಗಿ ಏನನ್ನು ಎಲ್ಲಿ ತುಂಬಬೇಕು? ಶಾಲೆಯಲ್ಲಿ ಒಂದು ಬಗೆ, ಆಧಾರ್ ನೋಂದಣಿಯ ಮೇಜಿನ ಮುಂದೆ ಇನ್ನೊಂದು ಬಗೆ, ಕಾಲೇಜಿನ ಪ್ರವೇಶಪತ್ರದಲ್ಲಿ ಮತ್ತೊಂದು ಬಗೆ ತುಂಬಿರುತ್ತಾಳೆ. ಬರೆದವರು ಮೂವರೂ ಬೇರೆಯವರು. ಈ ಲೇಖಕನ ಹೆಸರೇ ಮೂರು ದಾಖಲೆಗಳಲ್ಲಿ ಮೂರು ತೆರನಾಗಿದೆ. ನೌಕರಿ ಸಿಕ್ಕ ಕಾಲಕ್ಕೆ ಹೋಲಿಸಿ ನೋಡುವವರು ಮನುಷ್ಯರಾಗಿದ್ದುದರಿಂದ ಪಾರಾದದ್ದು.

ತಂದೆಯ ಹೆಸರಿನ ಅಂಕಣದ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ದೇವದಾಸಿಯಾಗಿ ಬಿಡುವ ಪದ್ಧತಿಯನ್ನು ಕರ್ನಾಟಕವು 1982ರ ಕಾಯಿದೆಯಿಂದ ನಿಷೇಧಿಸಿತು. ಆ ಪದ್ಧತಿ ಬೇರೂರಿದ್ದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಆ ತಾಯಂದಿರ ಮಕ್ಕಳು ಕಾಲೇಜಿಗೆ ಬಂದಾಗ, ತುಂಬದೆ ಮುಂದೆ ಹೋಗಗೊಡದ ಆ ಕೆಂಪು ಚುಕ್ಕೆಯ ಅಂಕಣ ಅವರಿಗೆ ಏನಾಗಿ ಕಾಣುತ್ತದೆಂಬುದನ್ನು ಅದನ್ನು ರಚಿಸಿದವರು ಯೋಚಿಸಿದಂತಿಲ್ಲ. ಬೇಡದ ಲಕ್ಷಣವನ್ನು ಕೇಳಬಾರದೆಂಬ ಮಿಡಲ್‌ವೇರಿನ ನಿಯಮವು ಅಮೆರಿಕದಲ್ಲಿ ಓದುಗನ ಏಕಾಂತವನ್ನು ಕಾಯುವುದಕ್ಕಾಗಿ ಹುಟ್ಟಿರಬಹುದು. ಇಲ್ಲಿ ಅದು ಮಾನವನ್ನು ಕಾಯುವ ನಿಯಮ.

ನಮ್ಮ ದೇಶದಲ್ಲಿ ಆಗಿರುವ ಕೆಲಸವನ್ನು ಈಗ ನೋಡೋಣ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ಶಿಬ್ಬೋಲೆತ್ ತಂತ್ರಾಂಶವನ್ನೇ ಆಧಾರವಾಗಿಟ್ಟು ಇನ್‌ಫೆಡ್ ಎಂಬ ಒಕ್ಕೂಟವನ್ನು ನಡೆಸುತ್ತಿದೆ. 2025ರ ಜನವರಿ 1ರಿಂದ ಜಾರಿಗೆ ಬಂದ 'ಒಂದು ದೇಶ ಒಂದು ಚಂದಾ' ಯೋಜನೆಗೂ ಈ ಕೇಂದ್ರವೇ ಸೂತ್ರಧಾರಿ. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ತೆಗೆದಿರಿಸಿ, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಆಡಳಿತಕ್ಕೆ ಒಳಪಟ್ಟ ಉಚ್ಚ ಶಿಕ್ಷಣ ಸಂಸ್ಥೆಗಳಿಗೆ ತೆರೆಯುವುದು ಅದರ ಸಂಕಲ್ಪ. ಮಾನ್ವಿಯ ಸರ್ಕಾರಿ ಕಾಲೇಜಿನ ಅಧ್ಯಾಪಕನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕನು ಓದುವ ಪತ್ರಿಕೆಯನ್ನೇ ಓದಬಹುದೆಂಬುದು ಸಾಮಾನ್ಯವಾದ ಮಾತಲ್ಲ.

ಆದರೆ ಒಕ್ಕೂಟದ ಪದ್ಧತಿ ಒಂದು ಸಂಗತಿಯನ್ನು ಗೃಹೀತ ಹಿಡಿದಿದೆ: ಪ್ರತಿಯೊಬ್ಬ ವಿದ್ಯಾರ್ಥಿಗೂ ತನ್ನವರನ್ನು ಬಲ್ಲ ಒಂದು ಮನೆಯಿದೆ ಎಂಬುದು. ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರೂ ಪರೀಕ್ಷೆ ನಡೆಸುವವರೂ ಒಬ್ಬರೇ. ನಮ್ಮಲ್ಲಿ ಪಾಠ ಕಾಲೇಜಿನದು, ಪರೀಕ್ಷೆ ವಿಶ್ವವಿದ್ಯಾಲಯದ್ದು, ಕಟ್ಟಡ ಮತ್ತು ಸಂಬಳ ಸರ್ಕಾರದವು. ಇವುಗಳಲ್ಲಿ ಮನೆ ಯಾವುದು? ವಿದ್ಯಾರ್ಥಿಯ ಮುಖವನ್ನು ಬಲ್ಲದ್ದು ಕಾಲೇಜು. ಆದರೆ ಅದರ ಕೈಯಲ್ಲಿ ನಾಮಾವಳಿಯ ಯಂತ್ರವಿಲ್ಲ. ಯಂತ್ರವುಳ್ಳ ವಿಶ್ವವಿದ್ಯಾಲಯಕ್ಕೆ ಅವನ ಮುಖ ಗೊತ್ತಿಲ್ಲ. ಪರಿಣಾಮವಾಗಿ ಚಿಕ್ಕ ಕಾಲೇಜುಗಳಲ್ಲಿ ಒಂದೇ ಗುಪ್ತಪದವನ್ನು ಎಲ್ಲರೂ ಬಳಸುವುದುಂಟು. ಒಂದು ಗ್ರಂಥಾಲಯದಲ್ಲಿ ಅದನ್ನು ದಪ್ಪ ಅಕ್ಷರಗಳಲ್ಲಿ ಬರೆದು, 'ಗದ್ದಲ ಮಾಡಬೇಡಿರಿ' ಎಂಬ ಫಲಕದ ಕೆಳಗೆ ಅಂಟಿಸಿದ್ದನ್ನು ಕಂಡಿದ್ದೇನೆ. ಗ್ರಂಥಪಾಲಕರನ್ನು ದೂಷಿಸುವಂತಿಲ್ಲ. ನಡೆದು ಬಂದವನಿಗೂ ಓದುವ ಹಕ್ಕುಂಟೆಂಬ ತತ್ತ್ವವನ್ನು ಅವರು ತಮಗೆ ತಿಳಿದ ರೀತಿಯಲ್ಲಿ ಆಚರಣೆಗೆ ತಂದಿದ್ದರು.

ಮನೆಯ ಪ್ರಶ್ನೆಗೆ ನಮ್ಮ ಜಿಲ್ಲೆಯ ಇತಿಹಾಸ ಇನ್ನೊಂದು ತೊಡಕನ್ನು ಸೇರಿಸುತ್ತದೆ. ನಿಜಾಮರ ಕಾಲದಲ್ಲಿ ಈ ಭಾಗದ ಉಚ್ಚ ಶಿಕ್ಷಣವು ಉರ್ದುವನ್ನು ಬೋಧನಭಾಷೆಯನ್ನಾಗಿ ಮಾಡಿಕೊಂಡು 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆಗೆ ಮುಖಮಾಡಿತ್ತು. 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ, 2021ರಿಂದ ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳಿಗಾಗಿ ರಾಯಚೂರು ವಿಶ್ವವಿದ್ಯಾಲಯ. ಅದಕ್ಕೂ ಈಗ ಆದಿಕವಿ ಶ್ರೀ ಮಹರ್ಷಿ ವಾಲ್ಮೀಕಿ ವಿಶ್ವವಿದ್ಯಾಲಯವೆಂಬ ಹೆಸರು ಬಂದಿದೆ. ವಿದ್ಯಾರ್ಥಿಯ ಗುರುತನ್ನು ಅವನ ಹೆಸರು ಮತ್ತು ವಿಶ್ವವಿದ್ಯಾಲಯದ ಜಾಲವಿಳಾಸ ಇವೆರಡನ್ನು ಕೂಡಿಸಿ ಕಟ್ಟುವ ಪದ್ಧತಿ ಲೋಕದಲ್ಲೆಲ್ಲ ಪ್ರಚಾರದಲ್ಲಿದೆ. ಅದರಂತೆ ನಡೆದರೆ ನಮ್ಮಲ್ಲಿ ಗುರುತಿನ ಎರಡು ಭಾಗಗಳೂ ಅಸ್ಥಿರ. ಹೆಸರಿನ ಅಕ್ಷರ ಬದಲಾಗುತ್ತದೆ, ಮನೆಯ ಹೆಸರೂ ಬದಲಾಗುತ್ತದೆ. ಗುರುತಿನ ಸಂಖ್ಯೆಯಲ್ಲಿ ಯಾವ ಅರ್ಥವೂ ಇರಬಾರದು, ಅರ್ಥವಿದ್ದದ್ದೆಲ್ಲ ಒಂದು ದಿನ ಸುಳ್ಳಾಗುತ್ತದೆ ಎಂದು ಈ ವಿದ್ಯೆಯ ಪರಿಣತರು ಬಹಳ ಹಿಂದೆಯೇ ಕಂಡುಕೊಂಡರು. ಆ ಮಾತಿನ ಸತ್ಯ ರಾಯಚೂರಿನವರಿಗೆ ಹೊಳೆಯುವಷ್ಟು ಬೇರೆಯವರಿಗೆ ಹೊಳೆಯಲಾರದು.

ಈ ದೃಷ್ಟಿಯಿಂದ ನೋಡಿದರೆ ಹನ್ನೆರಡು ಅಂಕಿಗಳ ಅಪಾರ್ ಸಂಖ್ಯೆ ಸರಿಯಾದ ದಾರಿಯಲ್ಲಿ ಇಟ್ಟ ಹೆಜ್ಜೆ. 2021ರಲ್ಲಿ ಆರಂಭವಾದ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿಗೂ ಅದೇ ಕೀಲಿ. ಅದರಲ್ಲಿ ಊರಿಲ್ಲ, ಜಾತಿಯಿಲ್ಲ, ವಿಶ್ವವಿದ್ಯಾಲಯವಿಲ್ಲ. ಅದೇ ವರ್ಷ ನಮ್ಮ ರಾಜ್ಯವು ಪ್ರವೇಶ, ಪರೀಕ್ಷೆ, ಫಲಿತಾಂಶಗಳನ್ನು ಒಂದೆಡೆ ತರುವ ಯುಯುಸಿಎಂಎಸ್ ವ್ಯವಸ್ಥೆಯನ್ನು ಆರಂಭಿಸಿತು. ಅಂಕಪಟ್ಟಿಗಾಗಿ ಗುಲಬರ್ಗೆಗೆ ಎರಡು ಸಲ ಓಡಾಡಿದ ಹಿಂದಿನ ತಲೆಮಾರಿನವರು ಇದರ ಉಪಯೋಗವನ್ನು ಅಲ್ಲಗಳೆಯರು. ಆದರೂ ಎಲ್ಲ ದಾಖಲೆಗಳನ್ನು ಒಂದು ಕಣಜದಲ್ಲಿ ಸುರಿಯುವುದು ಬೇರೆ. ತಮ್ಮ ತಮ್ಮ ಕಣಜಗಳಲ್ಲಿರುವ ದಾಖಲೆಗಳು ಅಗತ್ಯವಿದ್ದಷ್ಟೇ ಪರಸ್ಪರ ಮಾತನಾಡುವಂತೆ ಮಾಡುವುದು ಬೇರೆ. ಮಿಡಲ್‌ವೇರ್ ಎಂಬುದು ಎರಡನೆಯದು. ನಾವು ಕಟ್ಟುತ್ತಿರುವುದು ಹೆಚ್ಚಾಗಿ ಮೊದಲನೆಯದು.

ಅಪಾರ್ ಸಂಖ್ಯೆಯ ಒಳಗೆ ಹೆಸರಿಲ್ಲ, ನಿಜ. ಆದರೆ ಅದನ್ನು ಪಡೆಯುವ ಬಾಗಿಲಲ್ಲಿ ಹೆಸರಿದೆ. ಶಾಲೆ ಕಾಲೇಜುಗಳ ದಾಖಲೆಯ ಹೆಸರು ಆಧಾರ್ ದಾಖಲೆಯ ಹೆಸರಿಗೆ ಹೊಂದಬೇಕು. ಹೋಲಿಕೆ ನಡೆಯುವುದು ರೋಮನ್ ಲಿಪಿಯ ಹೆಸರುಗಳ ನಡುವೆ. ಹೊಂದದಿದ್ದರೆ ಒಂದನ್ನು ತಿದ್ದಿಸಿಕೊಂಡು ಬರಬೇಕು. ಯಾವುದನ್ನು? ಹತ್ತನೆಯ ತರಗತಿಯ ಅಂಕಪಟ್ಟಿಯನ್ನು ತಿದ್ದಿಸುವುದು ದೀರ್ಘವಾದ ಕೆಲಸ. ಆಧಾರನ್ನು ತಿದ್ದಿಸಲು ಅಂಕಪಟ್ಟಿಯಂತಹ ದಾಖಲೆ ಬೇಕು. ಯೊರ್ದನ್ನಿನ ಹಾಯಗಡದಲ್ಲಿ ಒಮ್ಮೆ ನುಡಿಸಿ ಕೇಳುತ್ತಿದ್ದರು; ಇಲ್ಲಿ ಪ್ರತಿ ಕಚೇರಿಯಲ್ಲಿಯೂ ಬರೆದು ತೋರಿಸಬೇಕು. ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಯಾರಿಗಾಗಿಯೂ ಕಾಯುವುದಿಲ್ಲ.

ಹೆಸರು ಹೊಂದಿದರೂ ಇನ್ನೊಂದು ಬಾಗಿಲುಂಟು. ಗುರುತನ್ನು ಖಚಿತಪಡಿಸುವ ಒಂದು ಸಲದ ಗುಪ್ತಸಂಖ್ಯೆ ಮೊಬೈಲಿಗೆ ಬರುತ್ತದೆ. ದೇವದುರ್ಗ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಆ ಮೊಬೈಲು ಗುಳೆ ಹೋದ ತಂದೆಯ ಜೇಬಿನಲ್ಲಿ, ಬೆಂಗಳೂರಿನ ಯಾವುದೋ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ, ಇರುತ್ತದೆ. ಕೆಲಸದ ನಡುವೆ ಆತ ಕರೆ ಸ್ವೀಕರಿಸಿ, ಸಂಖ್ಯೆಯನ್ನು ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಓದಲು ಬಾರದವನಾದರೆ ಪಕ್ಕದವನನ್ನು ಕರೆಯಬೇಕು. ಗುರುತು ಎಂಬುದು ವ್ಯಕ್ತಿಯ ಬಳಿಯೇ ಇರುವ ವಸ್ತುವೆಂಬ ತಿಳಿವಳಿಕೆಯ ಮೇಲೆ ಈ ಉಪಾಯ ನಿಂತಿದೆ. ಇಲ್ಲಿ ಗುರುತು ಮನೆಮಂದಿಯ ಸಾಮೂಹಿಕ ಸ್ವತ್ತು, ಅದೂ ವರ್ಷದಲ್ಲಿ ಕೆಲವು ತಿಂಗಳು ಊರಿನಲ್ಲಿರದ ಸ್ವತ್ತು.

ನ್ಯಾಯಾಲಯದ ಮಾತನ್ನೂ ಇಲ್ಲಿ ನೆನೆಯಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಶಾಲಾ ಪ್ರವೇಶಕ್ಕೂ ಪರೀಕ್ಷೆಗಳಿಗೂ ಆಧಾರನ್ನು ಕಡ್ಡಾಯ ಮಾಡಬಾರದೆಂದಿತು. ಅಪಾರ್ ಕೂಡ ಒಪ್ಪಿಗೆಯ ಮೇಲೆ ನಡೆಯತಕ್ಕದ್ದೆಂದು ಕಾಗದದಲ್ಲಿದೆ. ಆದರೆ ಪರ್ಯಾಯವಾದ ಬಾಗಿಲನ್ನು ತೆರೆದಿಡದೆ ಕೇಳಿದ ಒಪ್ಪಿಗೆಗೆ ಬೆಲೆ ಎಷ್ಟು?

ನಕಲಿ ಅಂಕಪಟ್ಟಿಗಳನ್ನು ತಡೆಯಲು, ಒಬ್ಬನೇ ಎರಡು ಕಡೆ ವೇತನ ಪಡೆಯುವುದನ್ನು ತಪ್ಪಿಸಲು ಎಲ್ಲೆಡೆಯೂ ಒಂದೇ ಸಂಖ್ಯೆ ಬೇಕೆಂಬ ವಾದವಿದೆ. ಇದರಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಪದವಿಯ ಪ್ರಮಾಣಕ್ಕೂ ವೇತನಕ್ಕೂ ಒಂದು ಸ್ಥಿರಸಂಖ್ಯೆ ಇರಲಿ. ಗ್ರಂಥಾಲಯಕ್ಕೆ ಅದೇಕೆ? ಶಿಬ್ಬೋಲೆತ್ ಪರಂಪರೆಯಲ್ಲಿ ಒಬ್ಬನೇ ವಿದ್ಯಾರ್ಥಿಗೆ ಪ್ರತಿಯೊಂದು ಬಾಗಿಲಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಏರ್ಪಾಡಿದೆ. ನಾಳೆ ಬಂದಾಗ ಇವನು ನಿನ್ನೆ ಬಂದವನೇ ಎಂದು ಆ ಬಾಗಿಲಿನವನು ಬಲ್ಲ. ಆದರೆ ಎರಡು ಬಾಗಿಲಿನವರು ತಮ್ಮ ಪುಸ್ತಕಗಳನ್ನು ಕೂಡಿಸಿದರೂ ಇವನೇ ಅವನು ಎಂದು ಅರಿಯಲಾರರು. ಈ ವಿಚಾರ ನಮ್ಮವರಿಗೆ ತಿಳಿಯದ್ದಲ್ಲ. ಆಧಾರ್ ಪ್ರಾಧಿಕಾರವೇ 2018ರಲ್ಲಿ ಮೂಲಸಂಖ್ಯೆಯ ಬದಲು ಕೊಡಬಹುದಾದ ಹದಿನಾರು ಅಂಕಿಗಳ ಬದಲಿಸಂಖ್ಯೆಯನ್ನು ಜಾರಿಗೆ ತಂದಿತು. ತಿಳಿದ ಉಪಾಯವನ್ನು ವಿದ್ಯಾರ್ಥಿಗಳ ವಿಷಯದಲ್ಲಿ ಬಳಸದಿರುವುದೇ ಆಕ್ಷೇಪಾರ್ಹ.

ಹೆಸರಿನ ವಿಷಯದಲ್ಲಿ ಮಾಡಬೇಕಾದುದು ಇನ್ನೂ ಸುಲಭವೆಂದು ತೋರುತ್ತದೆ. ಹೆಸರು ಗುರುತಿನ ಕೀಲಿಯಲ್ಲ, ಅನೇಕ ಲಕ್ಷಣಗಳಲ್ಲಿ ಒಂದು ಎಂದು ಒಪ್ಪಬೇಕು. ಅದನ್ನು ತಿದ್ದುವ ಅಧಿಕಾರ ವಿದ್ಯಾರ್ಥಿಯ ಮುಖವನ್ನು ಬಲ್ಲ ಕಾಲೇಜಿಗಿರಬೇಕು. ಅಲ್ಲಿ ಒಮ್ಮೆ ತಿದ್ದಿದರೆ ತಿದ್ದುಪಡಿ ಉಳಿದ ಪುಸ್ತಕಗಳಿಗೆ ತಾನಾಗಿ ಹರಿಯಬೇಕು. ಹೋಲಿಸಲೇಬೇಕಾದರೆ ಕನ್ನಡದಲ್ಲಿ ಹೋಲಿಸಲಿ. ಗಣಕಯಂತ್ರಕ್ಕೆ ಕನ್ನಡ ಬಾರದೆಂಬ ನೆಪ 1991ರ ಮೊದಲ ಯೂನಿಕೋಡಿನಲ್ಲಿ ನಮ್ಮ ಅಕ್ಷರಗಳು ಸೇರಿದಾಗಲೇ ಹೋಯಿತು. ಹೋಲಿಕೆಗೆ ಬೇಕಾದ ಎರಡು ಹೆಸರುಗಳೂ ಈಗಾಗಲೇ ಸಿದ್ಧವಾಗಿವೆ. ಒಂದು, ಹಳ್ಳಿಯ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹೆಡ್‌ಮಾಸ್ತರರು ಕೈಯಾರೆ ಬರೆದಿಟ್ಟದ್ದು. ಇನ್ನೊಂದು ಆಧಾರ್ ಚೀಟಿಯ ಮೇಲೆಯೇ, ರೋಮನ್ ಹೆಸರಿನ ಪಕ್ಕದಲ್ಲಿ, ಕನ್ನಡದಲ್ಲಿ ಅಚ್ಚಾಗಿದೆ. ಅದರಲ್ಲಿ ತಪ್ಪಿದ್ದರೆ, ಓದಿ ತಪ್ಪೆಂದು ಹೇಳಬಲ್ಲವಳು ಆ ಹುಡುಗಿಯೇ.